ಎಂಟು, ಎಡಕ್ಕೆ

ಬಸ್ಸು ಪೂರ್ತಿ ನಿಲ್ಲುವ ಮೊದಲೇ ಅತ್ತೆ ಬಾಗಿಲ ಮೆಟ್ಟಿಲಿಗೆ ಬಂದು ನಿಂತಿದ್ದರು.

"ನಿಧಾನ ಅತ್ತೆ! ಬಿದ್ದು ಕೈ ಮುರ್ಕೊಂಡ್ರೆ ಎಲ್ಲಾ ಇಲ್ಲೇ ಮುಗಿದು ಹೋಗುತ್ತೆ."

"ಬೀಳೋಳು ನೀನು. ಬೆಳಗ್ಗೆಯಿಂದ ನನ್ನ ಕಾಲನ್ನೇ ನೋಡ್ಕೊಂಡು ನಡೀತಿದೀಯ. ನಿನ್ನ ಕಾಲು ಎಲ್ಲಿದೆ ನೋಡ್ಕೋ."

ಮಾತು ಮುಗಿಯುವುದಕ್ಕೂ ಸೊಸೆ ಪಾದಚಾರಿ ಕಟ್ಟೆಯ ಅಂಚನ್ನು ಎಡವುವುದಕ್ಕೂ ಸರಿಹೋಯಿತು. ಅತ್ತೆ ತಿರುಗಿಯೂ ನೋಡದೆ ಅವಳ ತೋಳು ಹಿಡಿದು ನಿಲ್ಲಿಸಿದರು. ಮೂವತ್ತೆರಡು ವರ್ಷ ನರ್ಸಾಗಿ, ಕೊಸರಾಡುವ ಮಕ್ಕಳ ತೋಳನ್ನು ಹೀಗೆಯೇ ಗಕ್ಕನೆ ಹಿಡಿದು ಚುಚ್ಚುಮದ್ದು ಹಾಕಿದ ಕೈ ಅದು. ಅರವತ್ತೊಂದನೆಯ ವಯಸ್ಸಿನಲ್ಲೂ ಅದು ನಡುಗುತ್ತಿರಲಿಲ್ಲ. ನಡುಗುತ್ತಿದ್ದದ್ದೆಲ್ಲ ಸೊಸೆಯ ಕೈ. ಅವಳ ಚೀಲದಲ್ಲಿ ಒಂದು ನೋಟ್‌ಬುಕ್ಕು, ಕೆತ್ತಿದ ಎರಡು ಪೆನ್ಸಿಲ್ಲು, ಅತ್ತೆಯ ಗುರಿಯ ಕನ್ನಡಕ, ಅದು ಒಡೆದರೆ ಇರಲಿ ಎಂದು ಇನ್ನೊಂದು ಕನ್ನಡಕ, ಒರೆಸುವ ಬಟ್ಟೆ, ಜೊತೆಗೆ ತಾನು ಕೆಲಸ ಮಾಡುವ ಕನ್ನಡಕದಂಗಡಿಯಿಂದ ತಂದ ಭೂತಗನ್ನಡಿ. ಮನೆಯಲ್ಲಿ ಗಂಡ ನಗೆಯಾಡಿದ್ದ: "ಅಮ್ಮನ ಕೈಗೆ ಬಂದೂಕು, ಹೆಂಡ್ತಿ ಕೈಗೆ ಪೆನ್ಸಿಲ್ಲು. ಈ ಮನೇಲಿ ನಾನು ಬಾಯಿ ಮುಚ್ಕೊಂಡಿರೋದೇ ಕ್ಷೇಮ."

ಎರಡು ವರ್ಷದ ಹಿಂದೆ ನಿವೃತ್ತರಾದ ಮಾರನೆಯ ದಿನವೇ ಅತ್ತೆ, "ನಂಗೆ ರೈಫಲ್ ಹೊಡೆಯೋದು ಕಲೀಬೇಕು" ಎಂದಾಗ ಸೊಸೆ ಅದನ್ನು ತಮಾಷೆ ಎಂದುಕೊಂಡಿರಲಿಲ್ಲ. ಅತ್ತೆ ತಮಾಷೆ ಮಾಡುವಾಗ ಮುಖ ಗಂಭೀರವಾಗಿರುತ್ತಿತ್ತು, ಅವತ್ತು ನಗುತ್ತಿದ್ದರು. ಸೊಸೆ ಫೋನು ಹಿಡಿದು ಕೂತಳು. ಎಂಬತ್ತು ಲಕ್ಷ ಜನರಿರುವ ಮಹಾನಗರ. ಗುರಿ ಹೊಡೆಯುವ ಜಾಗಗಳು ಐದು. ಮೊದಲನೆಯದು ಪೊಲೀಸರದ್ದು, ಹೊರಗಿನವರು ಗೇಟು ಮುಟ್ಟುವಂತಿಲ್ಲ. ಎರಡನೆಯದು ಸೈನ್ಯದ್ದು. ಮೂರನೆಯದು ಕ್ಲಬ್ಬಿನದು: ಇಬ್ಬರು ಸದಸ್ಯರು ಸಹಿ ಹಾಕಬೇಕು, ಆಮೇಲೆ ನಾಲ್ಕು ವರ್ಷ ಕಾಯಬೇಕು. "ನಾಲ್ಕು ವರ್ಷ ಆದ್ಮೇಲೆ ನನ್ನ ಕಣ್ಣಿರುತ್ತೋ, ನಾನೇ ಇರ್ತೀನೋ" ಎಂದು ಅತ್ತೆ ಅದನ್ನು ಹೊಡೆದುಹಾಕಿದರು. ನಾಲ್ಕನೆಯದು ಇರುವ ವಿಳಾಸದಲ್ಲಿ ಈಗ ಹಾಸಿಗೆ ಅಂಗಡಿಯಿತ್ತು. ಐದನೆಯದು ಊರಿನ ಇನ್ನೊಂದು ತುದಿಯಲ್ಲಿ, ಎರಡು ಬಸ್ಸು ಬದಲಿಸಿ ಹೋಗುವ ಹಳೆಯ ಸಾರ್ವಜನಿಕ ಈಜುಕೊಳದ ನೆಲಮಾಳಿಗೆಯಲ್ಲಿ. ಅಲ್ಲಿ ಹತ್ತು ಲೇನುಗಳು. ಮೂರರಿಂದ ಹತ್ತರವರೆಗೆ ಕ್ಲಬ್ಬಿನ ಇನ್ನೊಂದು ಶಾಖೆಗೆ. ಒಂದು ಮತ್ತು ಎರಡು ಮಾತ್ರ ಬೀದಿಯಿಂದ ನೇರ ನಡೆದು ಬಂದ ಯಾರಿಗಾದರೂ. ಅದೂ ಶನಿವಾರ ಮಧ್ಯಾಹ್ನ ಎರಡರಿಂದ ಐದು. ಗಾಳಿಯೊತ್ತಡದ ರೈಫಲನ್ನೂ ಅವರೇ ಕೊಡುತ್ತಿದ್ದರು.

ಅಂದರೆ ಎಂಬತ್ತು ಲಕ್ಷ ಜನಕ್ಕೆ ಎರಡು ಲೇನು, ಮೂರು ಗಂಟೆ.

ಈಗ ಅದಕ್ಕೂ ಸಂಚಕಾರ ಬಂದಿತ್ತು. ಆರು ತಿಂಗಳ ಹಿಂದೆ ಬಾಗಿಲಿಗೆ ಅಂಟಿಸಿದ್ದ ನೋಟೀಸನ್ನು ಸೊಸೆ ಎಷ್ಟು ಸಲ ಓದಿದ್ದಳೆಂದರೆ ಅದರ ಅಲ್ಪವಿರಾಮಗಳೂ ಅವಳಿಗೆ ಬಾಯಿಪಾಠವಾಗಿದ್ದವು. ಈ ಋತು ಮುಗಿಯುವುದರೊಳಗೆ ಸಾರ್ವಜನಿಕ ಲೇನುಗಳಿಂದ ಒಬ್ಬರಾದರೂ ನಲವತ್ತು ಗುಂಡಿಗೆ ಮುನ್ನೂರ ಎಪ್ಪತ್ತು ಅಂಕ ಗಳಿಸಿ ನಗರ ಪಂದ್ಯಕ್ಕೆ ಅರ್ಹರಾಗಬೇಕು. ಇಲ್ಲದಿದ್ದರೆ ಒಂದು ಮತ್ತು ಎರಡು ಕೂಡ ಕ್ಲಬ್ಬಿಗೆ. ಇವತ್ತು ಋತುವಿನ ಕೊನೆಯ ಶನಿವಾರ. ಅತ್ತೆ ಇದುವರೆಗೆ ಹೊಡೆದ ಅತಿ ಹೆಚ್ಚು ಅಂಕ ಮುನ್ನೂರ ಅರವತ್ತೆಂಟು.

ನೆಲಮಾಳಿಗೆಯ ಮೆಟ್ಟಿಲಿಳಿಯುತ್ತಿದ್ದಂತೆ ಕೊಳದ ನೀರಿನ ವಾಸನೆ ಮೂಗಿಗೆ ಬಡಿಯಿತು. ಕೆಳಗಿನ ಬೆಂಚಿನ ಮೇಲೆ ಶನಿವಾರದ ಗುಂಪು ಆಗಲೇ ಕೂತಿತ್ತು: ಬಸ್ ಡ್ರೈವರು, ಬೇಕರಿಯವನು, ಶಾಲೆಯಿಂದ ನಿವೃತ್ತರಾದ ಗಣಿತದ ಮೇಡಂ.

"ಬಂದ್ರಪ್ಪಾ ನಮ್ಮ ಸಿಸ್ಟರು!" ಎಂದು ಡ್ರೈವರು ಎದ್ದು ನಿಂತ. "ನಾನು ಬೆಳಗ್ಗೆ ಮುನ್ನೂರ ನಲವತ್ತೊಂದು ಹೊಡೆದು ಮಾನ ಕಳ್ಕೊಂಡು ಕೂತಿದೀನಿ. ನಮ್ಮೆಲ್ಲರ ಮರ್ಯಾದೆ ನಿಮ್ಮ ಕೈಲಿದೆ."

"ಬೆಳಗ್ಗೆ ಯಾರೋ ನಿನ್ನ ಒಳಗೆ ಬಿಟ್ಟೋರು? ಎರಡು ಗಂಟೆಗೇ ತಾನೇ ಬಾಗಿಲು ತೆಗೆಯೋದು?"

"ಕನಸಲ್ಲಿ, ಸಿಸ್ಟರ್. ಕನಸಲ್ಲೂ ಅಷ್ಟೇ ಬರೋದು!"

ಬೆಂಚೆಲ್ಲ ನಕ್ಕಿತು. ಸೊಸೆ ನಗಲಿಲ್ಲ. ಮೂರನೆಯ ಲೇನಿನಲ್ಲಿ ಯಾರೋ ನಿಂತಿದ್ದರು. ಉದ್ದ ಜಡೆಯ ಹುಡುಗಿ, ಕ್ಲಬ್ಬಿನ ಹೊಸ ನೀಲಿ ಜಾಕೆಟ್ಟು. ಪಕ್ಕದಲ್ಲಿ ಕ್ಲಬ್ಬಿನ ಕೋಚ್.

"ಅವಳ್ಯಾಕೆ ಈ ಕಡೆ ಬಂದ್ಲು?" ಎಂದು ಸೊಸೆ ಮೆಲ್ಲನೆ ಕೇಳಿದಳು.

"ಅವರ ಕಂಪ್ಯೂಟರ್ ಗುರಿಗಳು ಕೆಟ್ಟು ಕೂತಿವೆಯಂತೆ" ಎಂದರು ಮೇಡಂ. "ಮೂರನೇದು ನಮ್ಮ ಥರಾನೇ ಕಾಗದದ್ದು ನೋಡಿ. ಪಾಪ, ಕಾಗದ ನೋಡಿ ಎಷ್ಟು ವರ್ಷ ಆಗಿತ್ತೋ. ಚಕ್ರ ಯಾವ ಕಡೆ ತಿರುಗಿಸ್ಬೇಕು ಅಂತ ಆಗ್ಲೇ ಎರಡು ಸಲ ಕೇಳಿದ್ಲು."

ಕಾಗದದ ಲೇನುಗಳಲ್ಲಿ ಎಲ್ಲವೂ ಕೈಕೆಲಸವೇ. ಅಂಗೈಯಗಲದ ಕಾರ್ಡನ್ನು ಕ್ಲಿಪ್ಪಿಗೆ ಸಿಕ್ಕಿಸಿ ಚಕ್ರ ತಿರುಗಿಸಿದರೆ ಅದು ತಂತಿಯ ಮೇಲೆ ಕುಣಿಯುತ್ತ ಹತ್ತು ಮೀಟರು ದೂರ ಹೋಗಿ ನಿಲ್ಲುತ್ತದೆ. ಒಂದು ಕಾರ್ಡಿಗೆ ಒಂದೇ ಗುಂಡು. ಮತ್ತೆ ಚಕ್ರ ತಿರುಗಿಸಿ ವಾಪಸು ತರಿಸಬೇಕು. ಕರಿಯ ವೃತ್ತದ ನಟ್ಟನಡುವೆ ವಾಕ್ಯದ ಕೊನೆಯ ಚುಕ್ಕೆಯಷ್ಟೇ ದೊಡ್ಡ ಬಿಳಿ ಚುಕ್ಕೆ; ಗುಂಡು ಅದನ್ನು ಕೂದಲೆಳೆಯಷ್ಟು ಕಚ್ಚಿದರೂ ಹತ್ತು ಅಂಕ, ಹೊರಗಿನ ಒಂದೊಂದು ಗೆರೆಗೆ ಒಂದೊಂದು ಅಂಕ ಕಡಿಮೆ. ಲೇನಿನ ಸಂಖ್ಯೆಯ ಹಲಗೆಯನ್ನು ಕಾರ್ಡಿನ ಮೇಲೆ ಹಾಕದೆ ಎಡಪಕ್ಕಕ್ಕೆ ಹೊಡೆದಿದ್ದರು. ಯಾರು ಹೊಡೆದರೋ, ಏಕೆ ಹೊಡೆದರೋ, ಹಳಬರಿಗೆ ಮಾತ್ರ ಅದು ಅಭ್ಯಾಸವಾಗಿತ್ತು.

ಸಾರ್ವಜನಿಕ ಲೇನಿಗೆ ಇನ್ನೊಂದು ಕಟ್ಟಳೆಯಿತ್ತು. ಹೊಡೆಯುವವರ ಹಿಂದೆ ಒಬ್ಬ ಬರೆಯುವವರು ಕೂರಬೇಕು. ಗುಂಡು ಬಿಟ್ಟ ಕ್ಷಣ, ಕಾರ್ಡು ವಾಪಸು ಬರುವ ಮೊದಲು, ಅದು ಎಲ್ಲಿ ಬಿತ್ತೆಂದು ಹೊಡೆದವರು ಬಾಯಿಬಿಟ್ಟು ಹೇಳಬೇಕು. ಅದಕ್ಕೆ 'ಕರೆ' ಎನ್ನುತ್ತಿದ್ದರು. ಬರೆಯುವವರು ಅದನ್ನು ಬರೆಯಬೇಕು, ಆಮೇಲೆಯೇ ಚಕ್ರ. ತನ್ನ ಗುಂಡು ಎಲ್ಲಿ ಹೋಯಿತೆಂದು ನೋಡದೆ ಹೇಳಲಾಗದವನಿಗೆ ಗುರಿ ಬರುವುದಿಲ್ಲ ಎಂದು ರೇಂಜ್ ಅಧಿಕಾರಿಯ ನಂಬಿಕೆ. ಅವರ ಕೊರಳಲ್ಲಿ ಸದಾ ಸೀಟಿ ನೇತಾಡುತ್ತಿದ್ದುದರಿಂದ ಶನಿವಾರದ ಗುಂಪು ಅವರನ್ನು ಸೀಟಿ ಸಾಹೇಬರೆಂದೇ ಕರೆಯುತ್ತಿತ್ತು.

ಎರಡು ವರ್ಷದಿಂದ ಅತ್ತೆ ಒಂದೇ ಒಂದು ಸಲವೂ "ಹತ್ತು" ಎಂದು ಕರೆ ಹೇಳಿರಲಿಲ್ಲ. ತುಂಬ ಚೆನ್ನಾಗಿ ಬಿದ್ದರೆ "ಪರವಾಗಿಲ್ಲ" ಎನ್ನುತ್ತಿದ್ದರು. ನೋಟ್‌ಬುಕ್ಕಿನ ಪುಟ ಪುಟವೂ "ಪರವಾಗಿಲ್ಲ"ಗಳಿಂದ ತುಂಬಿತ್ತು.

ಎರಡೂವರೆಗೆ ಸೀಟಿ ಮೊಳಗಿತು. ನಲವತ್ತು ಗುಂಡಿಗೆ ಎಪ್ಪತ್ತೈದು ನಿಮಿಷ.

ಎರಡನೆಯ ಲೇನಿನಲ್ಲಿ ಅತ್ತೆ ರೈಫಲ್ ಎತ್ತಿ ಕೆನ್ನೆಗೆ ಒತ್ತಿ ಉಸಿರು ಬಿಟ್ಟರು. "ಆಯ್ತಾಯ್ತು, ಮುಗೀತು, ಏನೂ ಆಗಲ್ಲ ಕಂದಾ" ಎಂದು ತುಟಿಯಲ್ಲೇ ಅಂದುಕೊಂಡರು. ಸೂಜಿ ಚುಚ್ಚುವ ಮೊದಲು ಸಾವಿರಾರು ಮಕ್ಕಳಿಗೆ ಹೇಳಿದ ಮಾತು. ಟಪ್.

"ಪರವಾಗಿಲ್ಲ."

ಸೊಸೆ ಬರೆದಳು. ಕಾರ್ಡು ಬಂತು: ಹತ್ತು.

ಮೊದಲ ಹತ್ತು ಗುಂಡಿಗೆ ತೊಂಬತ್ತೆರಡು. ಎರಡನೆಯ ಹತ್ತಕ್ಕೆ ತೊಂಬತ್ಮೂರು. ಮೂರನೆಯದಕ್ಕೆ ತೊಂಬತ್ತೊಂದು. ಹಿಂದಿನಿಂದ ಗಣಿತದ ಮೇಡಂ ಪಿಸುಗುಟ್ಟುವುದು ಎಲ್ಲರಿಗೂ ಕೇಳುತ್ತಿತ್ತು: "ಇನ್ನೂರ ಎಪ್ಪತ್ತಾರು. ಕೊನೇ ಹತ್ತಕ್ಕೆ ತೊಂಬತ್ನಾಲ್ಕು ಬೇಕು." ಅತ್ತೆ ಮಾತ್ರ ಕಿವಿಗೆ ಹತ್ತಿಯ ಬಿರಡೆ ಹಾಕಿಕೊಂಡು ತಮ್ಮದೇ ಲೋಕದಲ್ಲಿದ್ದರು.

ಹತ್ತು. ಒಂಬತ್ತು. ಹತ್ತು. ಒಂಬತ್ತು. ಒಂಬತ್ತು. ಹತ್ತು. ಒಂಬತ್ತು.

ಸೊಸೆಯ ಪೆನ್ಸಿಲ್ಲಿನ ಮೊನೆ ಮುರಿಯಿತು. ಇನ್ನೊಂದನ್ನು ತೆಗೆದಳು. ಬೇಕರಿಯವನು ಬೆಂಚಿನ ಮೇಲೆ ಕೂರಲಾರದೆ ಗೋಡೆಗೊರಗಿ ನಿಂತಿದ್ದ. "ಇನ್ನು ಮೂರು ಗುಂಡು, ಇಪ್ಪತ್ತೆಂಟು ಅಂಕ" ಎಂದರು ಮೇಡಂ. "ಬರುತ್ತೆ. ಬಂದೇ ಬರುತ್ತೆ."

ಮೂವತ್ತೆಂಟನೆಯ ಗುಂಡು. ಅತ್ತೆ ರೈಫಲ್ ಎತ್ತಿದರು, ಇಳಿಸಿದರು, ಮತ್ತೆ ಎತ್ತಿದರು. ಪಕ್ಕದ ಲೇನಿನ ಹುಡುಗಿಯೂ ಅದೇ ಹೊತ್ತಿಗೆ ಗುರಿ ಹಿಡಿದಿದ್ದಳು.

ಟಪ್. ಸದ್ದು ಎಂದಿಗಿಂತ ದಪ್ಪವಾಗಿತ್ತು. ಎರಡು ಸದ್ದು ಒಂದಾದಂತೆ.

"ಛೆ!" ಎಂದರು ಅತ್ತೆ. "ಎಂಟು. ಎಡಕ್ಕೆ."

ಸೊಸೆ ಬರೆದಳು: ಎಂಟು, ಎಡಕ್ಕೆ. ಅತ್ತೆ ಚಕ್ರ ತಿರುಗಿಸಿದರು. ಕಾರ್ಡು ಕುಣಿಯುತ್ತ ಬಂದು ನಿಂತಿತು. ಅತ್ತೆ ಅದನ್ನು ನೋಡದೆಯೇ ಕಿತ್ತು ಸೊಸೆಗೆ ಚಾಚಿದರು.

ಅದರಲ್ಲಿ ಎರಡು ತೂತುಗಳಿದ್ದವು. ಒಂದು ನಟ್ಟನಡುವೆ, ಬಿಳಿ ಚುಕ್ಕೆಯನ್ನೇ ನುಂಗಿ ಕೂತಿತ್ತು. ಇನ್ನೊಂದು ಎಡಕ್ಕೆ, ಎಂಟರ ಗೆರೆಯೊಳಗೆ.

ಪಕ್ಕದಲ್ಲಿ ಜಡೆಯ ಹುಡುಗಿ ತನ್ನ ಕಾರ್ಡನ್ನು ಹಿಂದೆಮುಂದೆ ತಿರುಗಿಸಿ ನೋಡುತ್ತಿದ್ದಳು. ಅದರಲ್ಲಿ ತೂತೇ ಇರಲಿಲ್ಲ. ಅವಳ ಕಿವಿ ಕೆಂಪಾಯಿತು. ಕೈ ಎತ್ತಿದಳು.

"ಸಾರ್... ನಾನು ಆಂಟಿ ಕಾರ್ಡಿಗೆ ಹೊಡೆದ್ಬಿಟ್ಟೆ ಅನ್ಸುತ್ತೆ."

"ಏನಮ್ಮಾ, ಕಣ್ಣು ಮನೇಲಿ ಬಿಟ್ಟು ಬಂದ್ಯಾ?" ಎಂದ ಕೋಚ್.

"ಮೂರು ಅನ್ನೋ ಹಲಗೆಯ ಎಡಗಡೆ ಕಾರ್ಡೇ ನಂದು ಅಂತ ಈ ಸಲ ಮರೆತು ಹಿಡಿದ್ಬಿಟ್ಟೆ ಸಾರ್. ನಂದು ಬಲಗಡೆದು."

ಸೀಟಿ ಸಾಹೇಬರು ಗಡಿಯಾರ ನಿಲ್ಲಿಸಿ ಬಂದರು. ಕಾರ್ಡನ್ನು ಬೆಳಕಿಗೆ ಹಿಡಿದರು. ಹಿಂದೆ ಇನ್ನೊಂದು ಕಾರ್ಡು ಸಿಕ್ಕಿಸಿದ್ದರೆ ಗುಂಡು ಓರೆಯಾಗಿ ಬಂದದ್ದೋ ನೇರ ಬಂದದ್ದೋ ಹೇಳಬಹುದಿತ್ತು. ಸಾರ್ವಜನಿಕ ಲೇನಿಗೆ ಆ ಭಾಗ್ಯವಿರಲಿಲ್ಲ.

"ಯಾವುದು ಯಾರದ್ದು ಅಂತ ತಿಳೀದಿದ್ರೆ, ನಿಯಮದ ಪ್ರಕಾರ ಕಾರ್ಡಿನ ಯಜಮಾನರಿಗೆ ದೊಡ್ಡದು" ಎಂದರು ಸಾಹೇಬರು. "ಹತ್ತು."

ಬೆಂಚಿನಿಂದ ಹೋ ಎಂಬ ಸದ್ದು ಎದ್ದಿತು. "ಇನ್ನೆರಡು ಗುಂಡು, ಹದಿನೆಂಟು ಸಾಕು!" ಎಂದು ಮೇಡಂ ಪಿಸುಮಾತು ಮರೆತು ಕೂಗಿಯೇ ಬಿಟ್ಟರು.

"ಒಂದು ನಿಮಿಷ. ತಿಳೀದಿದ್ರೆ ಅಂದೆ" ಎಂದು ಸಾಹೇಬರು ಸೊಸೆಯತ್ತ ತಿರುಗಿದರು. "ಕರೆ ಏನಂತ ಬರೆದಿದೀರಮ್ಮ?"

ಸೊಸೆ ನೋಟ್‌ಬುಕ್ಕನ್ನು ಎದೆಗೊತ್ತಿಕೊಂಡಳು. ಅತ್ತೆ ಬಿರಡೆ ತೆಗೆದಿರಲಿಲ್ಲ. ಬೆನ್ನು ಹಾಕಿ ನಿಂತು, ಮುಂದಿನ ಕಾರ್ಡನ್ನು ಕ್ಲಿಪ್ಪಿಗೆ ಸಿಕ್ಕಿಸುತ್ತಿದ್ದರು. ಸಾಹೇಬರಿಗೆ ಅವಳ ಅಕ್ಷರ ಅಷ್ಟು ದೂರದಿಂದ ಕಾಣುತ್ತಿರಲಿಲ್ಲ.

"ಎಂಟು ಅಂತ ಹೇಳಿದ್ರು" ಎಂದಳು. ಸುಳ್ಳು ಹೇಳಲು ಅವಳಿಗೆ ಬರುತ್ತಿರಲಿಲ್ಲ. ಆದರೆ ಪೂರ್ತಿ ಹೇಳದೆ ನಿಲ್ಲಿಸಲು ಬರುತ್ತಿತ್ತು.

"ಕರೆ ಯಾವಾಗಲೂ ಸರಿ ಬರುತ್ತಾ?"

ಇಲ್ಲಿ ಒಂದು ಬಾಗಿಲು ತೆರೆದೇ ಇತ್ತು. 'ಯಾವಾಗಲೂ ಅಂತ ಹೇಳಕ್ಕಾಗಲ್ಲ ಸಾರ್' ಎಂದರೆ ಸಾಕು. ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅತ್ತೆ ಹತ್ತು ಬಿದ್ದಾಗಲೂ ಪರವಾಗಿಲ್ಲ ಎನ್ನುವವರೇ. ಹಾಗೆಂದರೆ ಲೇನು ಉಳಿಯುತ್ತದೆ, ಬೇಕರಿಯವನು ಶನಿವಾರ ಬರುತ್ತಾನೆ, ಅತ್ತೆ ಬಸ್ಸಿನಿಂದ ಹಾರಿ ಇಳಿಯುತ್ತಾರೆ. ಸೊಸೆ ಆ ವಾಕ್ಯವನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ನೋಡಿದಳು. ಅದು ಬಲು ಸಲೀಸಾಗಿತ್ತು; ಅಷ್ಟು ಸಲೀಸಾಗಿದ್ದದ್ದೇ ಅವಳಿಗೆ ಹಿಡಿಸಲಿಲ್ಲ.

"ಎಷ್ಟು ಅನ್ನೋದರಲ್ಲಿ ಒಂದಂಕ ಹೆಚ್ಚುಕಮ್ಮಿ ಆಗಿರಬಹುದು ಸಾರ್" ಎಂದಳು. "ಆದ್ರೆ ಎಡ ಅಂದ್ರೆ ಎಡವೇ. ಎರಡು ವರ್ಷದಲ್ಲಿ ಒಂದು ಸಲಾನೂ ದಿಕ್ಕು ತಪ್ಪಿಲ್ಲ. 'ಎಂಟು, ಎಡಕ್ಕೆ' ಅಂತ ಬರೆದಿದೀನಿ." ನೋಟ್‌ಬುಕ್ಕನ್ನು ತಿರುಗಿಸಿ ತೋರಿಸಿಯೂ ಬಿಟ್ಟಳು.

"ಅಯ್ಯೋ ನಮ್ಮವ್ವಾ!" ಎಂದು ಡ್ರೈವರು ತಲೆ ಚಚ್ಚಿಕೊಂಡ. "ಬಾಯಿಗೊಂದು ಬ್ರೇಕ್ ಹಾಕಬಾರ್ದಿತ್ತಾ!"

"ಸೊಸೆ ಅಂದ್ರೆ ಸೊಸೆ ಕಣಪ್ಪ" ಎಂದ ಬೇಕರಿಯವನು. "ಸಮಯ ನೋಡಿ ಸೇಡು ತೀರಿಸ್ಕೊಂಡ್ಲು!"

ಸಾಹೇಬರು ಸೀಟಿ ಊದಿದರು. ಅವರು ಅತ್ತೆಯ ಭುಜ ತಟ್ಟಿದರು. ಅತ್ತೆ ಬಿರಡೆ ತೆಗೆದು ಕಾರ್ಡು ನೋಡಿದರು, ನೋಟ್‌ಬುಕ್ಕು ನೋಡಿದರು, ಸೊಸೆಯ ಬಿಳಿಚಿದ ಮುಖ ನೋಡಿದರು.

"ಇದಕ್ಕೇ ಇಷ್ಟು ಗಲಾಟೆನಾ? ಎಡಗಡೆದು ನಂದೇ. ಬಿಡೋ ಹೊತ್ತಿಗೆ ಮೊಣಕೈ ಜಾರ್ತು. ಇವಳು ಹೇಳ್ದಿದ್ರೆ ನಾನೇ ಹೇಳ್ತಿದ್ದೆ." ಆಮೇಲೆ ಸೊಸೆಗೆ ಮಾತ್ರ ಕೇಳುವಂತೆ: "ಮುಖ ಯಾಕೆ ಹಂಗಿಟ್ಕೊಂಡಿದೀಯ? ಚುಚ್ಚಿಸ್ಕೊಳ್ಳೋಕೆ ಬಂದ ಮಗು ಥರ. ಎಷ್ಟು ಬೇಕು ಈಗ?"

"ಎರಡೂ ಹತ್ತೇ ಆಗ್ಬೇಕು ಅತ್ತೆ."

"ಅಷ್ಟೇ ತಾನೇ?"

ಗಡಿಯಾರ ಮತ್ತೆ ಓಡಿತು. ಉಳಿದದ್ದು ನಾಲ್ಕು ನಿಮಿಷ. ಅತ್ತೆ ರೈಫಲ್ ಎತ್ತಿದರು, ತಕ್ಷಣ ಇಳಿಸಿದರು. "ಗಾಜು ಮಂಜಾಗಿದೆ." ಸೊಸೆ ಹಾರಿ ಬಂದು ಕನ್ನಡಕ ತೆಗೆದು ಒರೆಸಿದಳು. ಈ ಗಾಜನ್ನು ಅವಳೇ ಅಳತೆ ತೆಗೆದು ಮಾಡಿಸಿದ್ದಳು. ಅದು ದೂರದ ಕಾರ್ಡಿಗಲ್ಲ, ರೈಫಲಿನ ತುದಿಯ ಉಂಗುರಕ್ಕೆ ಹೊಂದಿಸಿದ ಗಾಜು. ಒರೆಸುವಾಗ ಅವಳ ಕೈ ಆ ದಿನ ಮೊದಲ ಬಾರಿಗೆ ನಡುಗದೆ ನಿಂತಿತ್ತು. ಮೂಗಿನ ಮೇಲೆ ಕೂರಿಸಿ, ಅಂಗಡಿಯಲ್ಲಿ ಮಾಡುವಂತೆ ಎರಡೂ ಕಿವಿಯ ಹಿಂದೆ ಬೆರಳಾಡಿಸಿ ಸರಿಮಾಡಿ ಹಿಂದೆ ಸರಿದಳು.

ಟಪ್.

"ಪರವಾಗಿಲ್ಲ."

ಚಕ್ರ, ತಂತಿ, ಕಾರ್ಡು. ಬಿಳಿ ಚುಕ್ಕೆಯೇ ಕಾಣಿಸಲಿಲ್ಲ. ಹತ್ತು!

ಜಡೆಯ ಹುಡುಗಿ ತನ್ನ ರೈಫಲನ್ನು ಮೇಜಿನ ಮೇಲಿಟ್ಟು, ಎರಡು ಕೈಯನ್ನೂ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಮೇಲೆ ಕೊಳದಲ್ಲಿ ಯಾರೋ ಧುಮುಕಿದ ಸದ್ದು ಛಾವಣಿಯಿಂದ ಇಳಿದು ಬಂತು. ಅತ್ತೆ ಕಾದರು. ಸದ್ದು ಪೂರ್ತಿ ಅಡಗುವವರೆಗೆ ಕಾದರು. ಸೊಸೆ ಗಡಿಯಾರ ನೋಡಿದಳು: ಐವತ್ತು ಸೆಕೆಂಡು. ನಲವತ್ತು. ಅತ್ತೆಯ ತುಟಿ ಅಲ್ಲಾಡಿತು. ಆಯ್ತಾಯ್ತು, ಮುಗೀತು ಕಂದಾ.

ಟಪ್.

ಅತ್ತೆ ರೈಫಲ್ ಇಳಿಸಿದರು. ಕಾರ್ಡಿನತ್ತ ನೋಡಲಿಲ್ಲ, ಸೊಸೆಯತ್ತ ತಿರುಗಿದರು.

"ಬರ್ಕೋ" ಎಂದರು. "ಹತ್ತು."

ಸೊಸೆಯ ಪೆನ್ಸಿಲ್ಲು ಕಾಗದದ ಮೇಲೆಯೇ ನಿಂತುಹೋಯಿತು. "ಏನಂದ್ರಿ ಅತ್ತೆ?"

"ಕಿವುಡಾ? ಹತ್ತು ಅಂದೆ. ಬರಿ."

ಬರೆದಳು. ಕಾರ್ಡು ಬಂತು. ತೂತಿನ ಅಂಚಿಗೆ ತಾಗಿದಂತೆ ಬಿಳಿ ಚುಕ್ಕೆ ಕಾಣುತ್ತಿತ್ತು. ತಾಗಿತ್ತೇ, ತಾಗಿರಲಿಲ್ಲವೇ? ಪೂರ್ತಿ ಚುಕ್ಕೆಯಾಗಿದ್ದರೆ ಒಂಬತ್ತು. ಗುಂಡು ಕಚ್ಚಿದ ಚುಕ್ಕೆಯಾಗಿದ್ದರೆ ಹತ್ತು. ಸಾಹೇಬರು ಕಣ್ಣು ಕಿರಿದಾಗಿಸಿ ನೋಡಿದರು. ಮೇಜಿನ ಡ್ರಾಯರಿನಿಂದ ತೆಗೆದ ಗಾಜು ಗೀರುಬಿದ್ದು ಮಸುಕಾಗಿತ್ತು.

"ಸಾರ್, ಇದು..." ಎಂದು ಸೊಸೆ ಭೂತಗನ್ನಡಿ ಮುಂದೆ ಹಿಡಿದಳು.

ಸಾಹೇಬರು ಕಾರ್ಡಿನ ಹಿಂದಿನಿಂದ ಹೆಬ್ಬೆರಳೊತ್ತಿ, ಹರಿದ ಕಾಗದದ ಎಸಳುಗಳನ್ನು ಮೆಲ್ಲಗೆ ಮಟ್ಟ ಮಾಡಿದರು. ನೋಡಿದರು. ಮತ್ತೆ ನೋಡಿದರು. ಕೋಚನ್ನು ಕರೆದರು. "ನನ್ನ ಒಬ್ಬನ ಕಣ್ಣು ಸಾಲದು. ನೀವೂ ನೋಡಿ. ಆಮೇಲೆ ಮಾತು ಬರಬಾರದು."

ಒಂದು ಮತ್ತು ಎರಡನೆಯ ಲೇನಿಗಾಗಿ ಕಾಯುತ್ತಿದ್ದವನೇ ಈ ಕೋಚ್. ಅವನ ಹತ್ತಿರ ಮೂವತ್ತು ಹುಡುಗಿಯರಿದ್ದರು, ಜಾಗವಿರಲಿಲ್ಲ. ಅವನು ಕಾರ್ಡಿನ ಮೇಲೆ ಬಾಗಿದ. ಬಾಗಿದವನು ಏಳಲೇ ಇಲ್ಲ. ಸೊಸೆ ಅವನ ಕತ್ತಿನ ಹಿಂಭಾಗವನ್ನೇ ನೋಡುತ್ತ ನಿಂತಳು. ಕೊನೆಗೆ ಅವನು ನೆಟ್ಟಗಾಗಿ ಗಾಜನ್ನು ಅವಳ ಕೈಗೇ ಕೊಟ್ಟ.

"ಒಳ್ಳೇ ಗಾಜು" ಎಂದ. "ಇದಿಲ್ದಿದ್ರೆ ಒಂಬತ್ತು ಅಂತಿದ್ದೆ. ಕಚ್ಚಿದೆ ಸಾರ್. ಎಡ ಅಂಚಲ್ಲಿ ಚೂರು ಕಚ್ಚಿದೆ. ಹತ್ತು."

ಆಮೇಲೆ ನೆಲಮಾಳಿಗೆಯಲ್ಲಿ ಯಾರು ಏನು ಹೇಳಿದರೆಂದು ಯಾರಿಗೂ ಕೇಳಿಸಲಿಲ್ಲ. ಡ್ರೈವರು ಹಾರನ್ ಹೊಡೆದಂತೆ ಕೂಗುತ್ತಿದ್ದ. ಬೇಕರಿಯವನು ಕೋಚನ್ನು ತಬ್ಬಿಕೊಂಡು, ತಬ್ಬಿದ್ದು ಯಾರನ್ನೆಂದು ತಿಳಿದು, ಬಿಟ್ಟು, ಮತ್ತೆ ತಬ್ಬಿಕೊಂಡ. ಮೇಡಂ "ಮುನ್ನೂರ ಎಪ್ಪತ್ತು, ಮುನ್ನೂರ ಎಪ್ಪತ್ತು" ಎಂದು ಲೆಕ್ಕ ತಪ್ಪಿಹೋಗುತ್ತದೆಯೇನೋ ಎಂಬಂತೆ ಹೇಳುತ್ತಲೇ ಇದ್ದರು. ಸೀಟಿ ಸಾಹೇಬರು ಸೀಟಿ ಊದಿದರು. ಅದು ಸುಮ್ಮನಿರಿ ಎಂದೋ ಸಂತೋಷಕ್ಕೋ ಗೊತ್ತಾಗಲಿಲ್ಲ. ನೋಟೀಸನ್ನು ತಾವೇ ಬಾಗಿಲಿನಿಂದ ಕಿತ್ತು ತಂದು, ಹಿಂಬದಿಯಲ್ಲಿ ಅಂಕ ಬರೆದು ಸಹಿ ಹಾಕಿದರು.

"ನಾಲ್ಕಾಗ್ತಾ ಬಂತು" ಎಂದರು. "ಐದರ ತನಕ ಲೇನು ನಿಮ್ಮದೇ. ಮುಂದಿನವರು ಯಾರು?" ಹೆಸರು ಬರೆಸುವ ಪುಸ್ತಕ ಬಿಡಿಸಿ ಓದಿದರು. "ಎರಡನೇ ಲೇನು... ಸಿಸ್ಟರ್ ಅವರ ಸೊಸೆ."

"ನಾನಾ?" ಎಂದಳು ಸೊಸೆ. "ನಾನು ಬರೆಸೇ ಇಲ್ಲ!"

"ನಾನು ಬರೆಸಿದೆ, ಬಂದ ತಕ್ಷಣ" ಎಂದರು ಅತ್ತೆ, ಮುಖ ಗಂಭೀರ ಮಾಡಿಕೊಂಡು. "ಎರಡು ವರ್ಷ ಬರೆದಿದ್ದು ಸಾಕು. ತಗೋ, ಕೊಡು ಆ ಪೆನ್ಸಿಲ್ಲು."

"ಬೇಡ ಅತ್ತೆ, ನನ್ನ ಕೈ ನೋಡಿ ಹೆಂಗೆ ನಡುಗ್ತಿದೆ."

"ನಡುಗಲಿ. ನನ್ನ ಹತ್ರ ಬಂದೋರೆಲ್ಲ ನಡುಗಿದೋರೇ. ಯಾರಾದ್ರೂ ಸತ್ತಿದಾರಾ?"

ಅಂದುಕೊಂಡದ್ದಕ್ಕಿಂತ ರೈಫಲ್ ಭಾರವಾಗಿತ್ತು. ಕೆನ್ನೆಗೆ ತಾಗಿದ ಮರದಲ್ಲಿ ಅತ್ತೆಯ ಬಿಸುಪು ಇನ್ನೂ ಉಳಿದಿತ್ತು. ಕಿಂಡಿಯಲ್ಲಿ ಕಣ್ಣಿಟ್ಟಳು. ಉಂಗುರದೊಳಗೆ ಕರಿಯ ಚಂದಿರನೊಬ್ಬ ತೇಲುತ್ತ ಬಂದ, ಹೋದ, ಮತ್ತೆ ಬಂದ. ಇಷ್ಟು ವರ್ಷ ಎಲ್ಲವನ್ನೂ ಒಟ್ಟಿಗೇ ನೋಡುತ್ತಿದ್ದ ಕಣ್ಣಿಗೆ ಈಗ ಕಾಣುತ್ತಿದ್ದುದು ಇದೊಂದೇ. ಎಷ್ಟು ನಿಶ್ಶಬ್ದ, ಎಷ್ಟು ಚೆಂದ! ಬೆರಳು ತಾನಾಗಿ ಮಡಿಚಿತು.

ಟಪ್.

"ಕರೆ ಹೇಳು" ಎಂದರು ಅತ್ತೆ, ಪೆನ್ಸಿಲ್ಲಿನ ತುದಿ ನಾಲಿಗೆಗೆ ತಾಗಿಸಿಕೊಂಡು.

"ಎಲ್ಲಿ ಹೋಯ್ತೋ ಗೊತ್ತಿಲ್ಲ ಅತ್ತೆ."

ಅತ್ತೆ ಅದನ್ನೇ ಬರೆದುಕೊಂಡರು. ಸೊಸೆ ಚಕ್ರ ತಿರುಗಿಸಿದಳು. ಕಾರ್ಡು ಬಂತು, ಕರಿಯ ವೃತ್ತ ಇದ್ದ ಹಾಗೆಯೇ ಇತ್ತು, ಒಂದು ತೂತೂ ಇಲ್ಲ.

"ಆಂಟೀ!" ಎಂದು ಮೂರನೆಯ ಲೇನಿನಿಂದ ಜಡೆಯ ಹುಡುಗಿ ತನ್ನ ಕಾರ್ಡನ್ನು ತಲೆಯ ಮೇಲೆ ಎತ್ತಿ ಹಿಡಿದು ಕುಣಿದಳು. "ನಿಮ್ಮದು ಇಲ್ಲಿಗೆ ಬಂದಿದೆ! ಒಂಬತ್ತು, ಒಂಬತ್ತು!"